ಕೆಂಚನ ಹದ್ದುಬಸ್ತು

"ಇನ್ಮೇಲೆ ಈ ಬೀದೀಲಿ ಆ ನಾಯಿ ಇರ್ಬೇಕು, ಇಲ್ಲಾ ನಾನಿರ್ಬೇಕು!" ಪುಟ್ಟಸ್ವಾಮಯ್ಯ ಗುಡುಗಿದರು.

"ಅದಕ್ಕೆ ಈ ಬೀದಿ ಬಿಟ್ರೆ ಬೇರೆ ಗತಿ ಇಲ್ಲ. ನೀವೇ ಯೋಚ್ನೆ ಮಾಡಿ" ಎನ್ನುತ್ತ ಹೆಂಡತಿ ವಿಶಾಲಾಕ್ಷಮ್ಮ ಕಾಫಿ ಲೋಟ ಇಟ್ಟರು.

ಚಿಂತಾಮಣಿಯಲ್ಲಿ ಮೂವತ್ತೆರಡು ವರ್ಷ ಸರ್ವೆಯರಾಗಿ ಹದ್ದುಬಸ್ತು ಮಾಡಿ, ಅಂದರೆ ಹೊಲಗದ್ದೆ ಅಳೆದು ಗಡಿಕಲ್ಲು ನೆಡಿಸಿ, ದಾಯಾದಿಗಳ ಬಡಿದಾಟ ಬಿಡಿಸಿದ ಮಹಾನುಭಾವರು ಅವರು! ಅಂಥವರ ಹೊಸ ಸ್ಕೂಟರಿನ ಹಿಂದಿನ ಚಕ್ರಕ್ಕೆ ಬೀದಿನಾಯಿ ಕೆಂಚ ದಿನಾ ಬೆಳಿಗ್ಗೆ ಕಾಲೆತ್ತಿ ಹಕ್ಕು ಸ್ಥಾಪಿಸುತ್ತಿತ್ತು. ನೋಟಿಸಿಲ್ಲ, ನಕ್ಷೆಯಿಲ್ಲ, ಪಂಚರ ಸಹಿಯೂ ಇಲ್ಲ!

ಗೇಟಿಗೆ ನೀಲಿ ನೀರಿನ ಬಾಟಲಿ ಕಟ್ಟಿದರು. ಕೆಂಚ ಬಾಟಲಿಗೂ ಒಂದು ಗುರುತು ಹಾಕಿತು. ಫಿನಾಯಿಲು ಸುರಿದರು. ತನ್ನ ವಾಸನೆ ಅಳಿಸಿದ್ದಕ್ಕೆ ಸಿಟ್ಟಾಗಿ ಅದು ದಿನಕ್ಕೆರಡು ಸಲ ಬರತೊಡಗಿತು.

ಕೊನೆಗೆ ಮೊಬೈಲಿನಿಂದ ಜ್ಞಾನೋದಯವಾಯಿತು. ದೊಡ್ಡ ಪ್ರಾಣಿಯ ವಾಸನೆಯಿದ್ದರೆ ಚಿಕ್ಕದು ಹತ್ತಿರ ಸುಳಿಯುವುದಿಲ್ಲವಂತೆ! ಚಿಂತಾಮಣಿಯಲ್ಲಿ ಹುಲಿ ಎಲ್ಲಿ ಸಿಗಬೇಕು? ಹಾಲಿನ ಆವುಲಪ್ಪನ ಹೋರಿ ಸಿಕ್ಕಿತು.

"ಏಂ ಸಾರೂ, ಗಂಜಲ ಪೂಜೆಗಾ?" ಬಿಂದಿಗೆ ಇಳಿಸುತ್ತ ಆವುಲಪ್ಪ ಕೇಳಿದ.

"ಯುದ್ಧಕ್ಕೆ!"

ಚಕ್ರಕ್ಕೆ ಅಭಿಷೇಕವಾಯಿತು. ಮರುದಿನ ಬೆಳಿಗ್ಗೆ ಕೆಂಚ ಒಂಟಿಯಾಗಿ ಬರಲಿಲ್ಲ. ಈ ಹೊಸ ಹಕ್ಕುದಾರ ಯಾರೆಂದು ವಿಚಾರಿಸಲು ಪಕ್ಕದ ಬೀದಿಯ ಏಳು ನಾಯಿಗಳೂ ಜೊತೆಗೆ ಬಂದವು. ಒಂದೊಂದೇ ಸರದಿಯಲ್ಲಿ ಚಕ್ರದ ಮೇಲೆ ತಕರಾರು ಸಲ್ಲಿಸಿದವು! ಪುಟ್ಟಸ್ವಾಮಯ್ಯ ಹಳೇ ಟವಲಿನಿಂದ ಒರೆಸಿ ಒರೆಸಿ ಸೋತು, ಅದನ್ನು ಹ್ಯಾಂಡಲಿಗೆ ನೇತುಹಾಕಿದರು.

"ಶಿಡ್ಲಘಟ್ಟದ ಮದುವೆ ಮುಹೂರ್ತಕ್ಕೆ ಈ ಗಾಡೀಲಿ ನಾನು ಬರಲ್ಲಪ್ಪ! ರೇಷ್ಮೆ ಸೀರೆ ಉಟ್ಟಿದ್ದೀನಿ. ಬಸ್ಸಿಗೆ ನಡೀರಿ" ಎಂದರು ವಿಶಾಲಾಕ್ಷಮ್ಮ.

ಬಸ್ಸೆಂದರೆ ಸೀಟು ಹಿಡಿಯಲು ಟವಲು ಬೇಕಲ್ಲ! ಅವಸರದಲ್ಲಿ ಪುಟ್ಟಸ್ವಾಮಯ್ಯ ಹ್ಯಾಂಡಲಿನ ಮೇಲಿದ್ದುದನ್ನೇ ಎಳೆದು ಚೀಲಕ್ಕೆ ತುರುಕಿಕೊಂಡರು. ಬೆಳಗಿನಿಂದ ಅದರಲ್ಲೇ ಮುಳುಗಿದ್ದ ಅವರ ಮೂಗು ಚಕಾರ ಎತ್ತಲಿಲ್ಲ.

ನಿಲ್ದಾಣದಲ್ಲಿ ನೂಕುನುಗ್ಗಲು. ಕಿಟಕಿಯಿಂದ ಟವಲು ತೂರಿ, ಇಬ್ಬರೂ ಹತ್ತಿ ಒಳಗೆ ಹೋಗುವಷ್ಟರಲ್ಲಿ ಆ ಸೀಟಿನಲ್ಲಿ ಒಬ್ಬ ದಪ್ಪ ಮೀಸೆಯವನು ವಿರಾಜಮಾನನಾಗಿದ್ದ.

"ಏನ್ರೀ, ಟವಲ್ ಹಾಕಿರೋದು ಕಾಣ್ಸಲ್ವಾ? ಇದು ನನ್ ಜಾಗ!"

"ಬಟ್ಟೆ ಎಸೆದ್‌ಬಿಟ್ರೆ ಜಾಗ ನಿಮ್ದಾಗ್ಬಿಡುತ್ತಾ?" ಮೀಸೆಯವನು ಟವಲನ್ನು ಎತ್ತಿ ಎಸೆಯಲು ಹೋದ. ಎತ್ತಿದ್ದಷ್ಟೇ, ಮೀಸೆ ಮುದುಡಿತು! ಟವಲನ್ನು ಸೀಟಿನ ಮೇಲೇ ಬಿಟ್ಟು, ಮೂಗು ಹಿಡಿದು ಎದ್ದು ಹೋದ. ಅವನ ಹಿಂದೆಯೇ ಪಕ್ಕದವನು ಎದ್ದ, ಮುಂದಿನ ಸೀಟಿನವರು ಎದ್ದರು, ಹಿಂದಿನವರೂ ಎದ್ದರು. ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ಟವಲಿನ ಸುತ್ತ ಆರು ಸೀಟು ಖಾಲಿ!

ವಿಶಾಲಾಕ್ಷಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡರು.

"ರೀ, ಮೂವತ್ತೆರಡು ವರ್ಷದಲ್ಲಿ ನೀವು ಇಷ್ಟು ಗಟ್ಟಿ ಹದ್ದುಬಸ್ತು ಮಾಡಿರ್ಲಿಲ್ಲ. ಒಬ್ರದ್ದೂ ತಕರಾರಿಲ್ಲ, ನೋಡಿ! ಕೂತ್ಕೊಳ್ಳಿ, ಎಲ್ಲಾ ಕೆಂಚನ ಕೃಪೆ. ನಾನು ಮುಂದೆ ಡ್ರೈವರ್ ಹತ್ರ ನಿಂತ್ಕೋತೀನಿ."