ಗುರುವಾರ ಕಿರುಚದ ಅಳಿಯ

ಔದುನ್ ಗುರುವಾರ ಸಂಜೆ ಸರಿಯಾಗಿ ಕಿರುಚಿರಲಿಲ್ಲ. ಎಲ್ಲ ರಗಳೆಯೂ ಶುರುವಾದದ್ದು ಅಲ್ಲಿಂದ.

ಮನೆಯಲ್ಲಿ ಬಿಯರ್ ಕಾಯಿಸಿ, ಆರಿದ ಮಾಲ್ಟ್ ರಸಕ್ಕೆ ಯೀಸ್ಟ್ ಬಿಡುವಾಗ ಗಂಟಲು ಹರಿಯುವಂತೆ ಕಿರುಚಬೇಕು. ಇಲ್ಲದಿದ್ದರೆ ಯೀಸ್ಟ್ ನಿದ್ದೆಯಿಂದ ಏಳುವುದಿಲ್ಲ. ಬೆಟ್ಟಗಳ ನಡುವೆ ಕಡಲು ಚಾಚಿಕೊಂಡ ಆ ಫ್ಯೋರ್ಡ್ ದಂಡೆಯಲ್ಲಿ ಇದು ಕೂಸುಗಳಿಗೂ ಗೊತ್ತು. ಆದರೆ ಔದುನ್ ಓಸ್ಲೋದ ಮೂರನೇ ಮಹಡಿಯಲ್ಲಿ ಬೆಳೆದವನು. ಅಲ್ಲಿ ಕಿರುಚಿದರೆ ಕೆಳಗಿನ ಮನೆಯವರು ಪೊರಕೆ ಹಿಡಿಯಿಂದ ಸೂರು ಕುಟ್ಟುತ್ತಾರೆ. ಹಾಗಾಗಿ ಕಾಲರಿನೊಳಗೆ ಮೂತಿ ಇಟ್ಟುಕೊಂಡು "ಹೋ" ಎಂದ. ಬೆಕ್ಕು ಕೂಡ ಕಿವಿ ನಿಮಿರಿಸಲಿಲ್ಲ.

ಯೀಸ್ಟೇನು ಅಂಗಡಿಯದಲ್ಲ. ಮಾವ ಹಾಲ್ವರ್‌ನ ಮನೆತನದ್ದು. ಮರದ ಕೊಂಡಿಗಳ ಸರವೊಂದರ ಮೇಲೆ ಒಣಗಿಸಿ ನಾಲ್ಕು ತಲೆಮಾರು ಕಾಪಾಡಿಕೊಂಡು ಬಂದದ್ದು. ಅದರಿಂದಾದ ಬಿಯರಿಗೆ ಕಿತ್ತಳೆ ಸಿಪ್ಪೆಯ ಘಮ. ಸುತ್ತ ಹತ್ತೂರಲ್ಲಿ ಇನ್ಯಾರ ಬಿಯರಿಗೂ ಅದಿಲ್ಲ. ಪಕ್ಕದ ತೋಟದ ಐವಿಂದ್ ಇಪ್ಪತ್ತು ವರ್ಷದಿಂದ ಆ ಸರ ಕೇಳಿ ಕೇಳಿ ಬಾಯಿ ಒಣಗಿಸಿಕೊಂಡಿದ್ದ. ಹಾಲ್ವರ್ ಜಪ್ಪಯ್ಯ ಅಂದರೂ ಕೊಟ್ಟಿರಲಿಲ್ಲ. ಕೊನೆಗೆ ಮಗಳು ಸಿಗ್ನೆ ಹಟ ಹಿಡಿದಳೆಂದು ಅಳಿಯನಿಗೆ ಕೊಟ್ಟಿದ್ದ, ಅದೂ ಷರತ್ತಿನ ಮೇಲೆ.

"ಶನಿವಾರ ಸಂಜೆ ಐದಕ್ಕೆ ಊರವರನ್ನ ಕಟ್ಕೊಂಡು ರುಚಿ ನೋಡೋಕೆ ಬರ್ತೀನಿ. ಅಲ್ಲೀವರೆಗೆ ಮುಚ್ಚಳ ಮುಟ್ಟಬೇಡ. ಚೆನ್ನಾಗಿದ್ರೆ ಸರ ನಿಂದು. ಕೆಟ್ರೆ, ಯೋಗ್ಯವಾದ ಕೈ ಯಾವುದೋ ಹುಡುಕ್ತೀನಿ."

ಶುಕ್ರವಾರವಿಡೀ ಔದುನ್‌ಗೆ ಫೆರಿ ದೋಣಿಯ ಮೇಲೆ ಕೆಲಸ, ರಾತ್ರಿಯೂ ಅಲ್ಲೇ. ಶನಿವಾರ ಬೆಳಿಗ್ಗೆ ಎಂಟಕ್ಕೆ, ತಣ್ಣನೆ ಗಾಳಿಗೆ ಮೂಗು ಎರಡೂ ಕಡೆ ಕಟ್ಟಿಕೊಂಡು ಬಂದವನು ಬೂಟೂ ಬಿಚ್ಚದೆ ನೆಲಮಾಳಿಗೆಗೆ ಓಡಿದ. ಪೀಪಾಯಿಯ ಮುಚ್ಚಳದ ಮೇಲೊಂದು ಬಾಗಿದ ಕೊಳವೆ, ಅದರಲ್ಲಿ ಎರಡು ಗುಟುಕು ನೀರು. ಒಳಗೆ ಬಿಯರ್ ಹುದುಗುತ್ತಿದ್ದರೆ ಆ ನೀರಿನಲ್ಲಿ ಬುಳಕ್ ಬುಳಕ್ ಎಂದು ಗುಳ್ಳೆ ಏಳಬೇಕು. ಒಂದೂ ಏಳಲಿಲ್ಲ.

ಮೇಲೆ ಹೋಗಿ ಕಾಫಿಗಿಟ್ಟ. ಕುಡಿಯದೆ ಕೆಳಗೆ ಬಂದ. ಗುಳ್ಳೆಯಿಲ್ಲ. ಪೀಪಾಯಿಗೆ ಕಿವಿ ಹಚ್ಚಿದ. ತನ್ನ ಎದೆಬಡಿತವೇ ಕೇಳಿಸಿತು. "ಒಂದೇ ಒಂದು ಗುಳ್ಳೆ ಬಿಡು ಮಾರಾಯ, ನಿನ್ನ ಕಾಲಿಗೆ ಬೀಳ್ತೀನಿ" ಎಂದ. ಹತ್ತು ಗಂಟೆಯೊಳಗೆ ಹೀಗೆ ಹದಿನೇಳು ಸಲ ಮೆಟ್ಟಿಲು ಹತ್ತಿಳಿದಿದ್ದ. ಹೆಂಡತಿ ತವರಿನಲ್ಲಿ ಸಂಜೆಯ ಊಟದ ತಯಾರಿಯಲ್ಲಿದ್ದಳು. ಅವಳಿಗೆ ಫೋನು ಮಾಡಲು ಧೈರ್ಯ ಸಾಲಲಿಲ್ಲ.

ಹದಿನೆಂಟನೇ ಸಲಕ್ಕೆ ಹಿಂದಿನಿಂದ ಪೈಪಿನ ಹೊಗೆ ಬಂತು, ಅದರ ಹಿಂದೆ ಪಕ್ಕದ ಮನೆಯ ಮಾರಿತಜ್ಜಿ ಬಂದಳು. ಅರವತ್ತು ವರ್ಷ ಪೈಪು ಸೇದಿ ಮೂಗಿನ ಶಕ್ತಿ ಕಳೆದುಕೊಂಡವಳು. ಕಿವಿ ಮಾತ್ರ ಚುರುಕು.

"ಗುರುವಾರ ನಿಮ್ಮನೇಲಿ ಕಿರುಚಿದ್ದೇ ಕೇಳಿಸ್ಲಿಲ್ವಲ್ಲೋ?"

"ಕಿರುಚ್ದೆ ಅಜ್ಜಿ. ಸ್ವಲ್ಪ ಮೆತ್ತಗೆ..."

"ಮೆತ್ತಗೆ ಕಿರುಚೋದಕ್ಕೆ ಅದೇನು ಜೋಗುಳವೇನೋ? ಪಾಪ, ಯೀಸ್ಟು ಇನ್ನೂ ಗಡದ್ದಾಗಿ ನಿದ್ದೆ ಹೊಡೀತಿದೆ. ಈಗ ಕಿರುಚು!"

ಔದುನ್ ಬಾಯಿ ತೆರೆದ. ನೆಗಡಿಯ ಗಂಟಲಿನಿಂದ ಕೀಲಿಗೆ ಎಣ್ಣೆ ಕಾಣದ ಬಾಗಿಲಿನ ಸದ್ದು ಬಂತು. ಮಾರಿತಜ್ಜಿ ತಲೆ ಚಚ್ಚಿಕೊಂಡು, ಪೈಪು ಅವನ ಕೈಗಿತ್ತು, ತಾನೇ ಕಿರುಚಿದಳು. ಕಪಾಟಿನ ಜಾಡಿಗಳು ಅದುರಿದವು. ಪೀಪಾಯಿ ಅಲುಗಲಿಲ್ಲ. ಔದುನ್‌ನ ಬಿಯರ್ ಎದ್ದಿಲ್ಲ ಎಂಬ ಸುದ್ದಿ ಮಾತ್ರ ಫ್ಯೋರ್ಡಿನ ಆಚೆ ದಂಡೆಗೂ ಮುಟ್ಟಿತು.

ಅಜ್ಜಿ ಪೀಪಾಯಿಗೆ ಎರಡು ಕಂಬಳಿ ಸುತ್ತಿ, ಬಿಸಿನೀರಿನ ಚೀಲ ಕಟ್ಟಿ, ಬಾಣಂತಿಯ ಹಾಗೆ ಬೆಚ್ಚಗೆ ಕೂರಿಸಿ ಹೋದಳು. ಹನ್ನೆರಡಾಯಿತು, ಒಂದಾಯಿತು. ಔದುನ್ ಉಗುರು ಕಚ್ಚಿದ, ಉಗುರು ಮುಗಿದ ಮೇಲೆ ಮೀಸೆ ಕಚ್ಚಿದ.

ಎರಡಕ್ಕೆ ಐವಿಂದ್ ಬಂದ. ಮುಖ ಸಾವಿನ ಮನೆಗೆ ಬಂದವನಂತಿತ್ತು.

"ಅಜ್ಜಿ ಕಿರುಚಿದ್ದು ಕೇಳ್ತು. ಮನಸ್ಸು ತಡೀಲಿಲ್ಲ, ಓಡಿ ಬಂದೆ. ತೆಗಿ ನೋಡೋಣ."

"ಮುಚ್ಚಳ ಮುಟ್ಟಬೇಡ ಅಂದಿದಾರೆ ಮಾವ."

"ನೀನು ಮುಟ್ಟಬೇಡ. ನಾನು ಮುಟ್ತೀನಿ."

ಐವಿಂದ್ ಮುಚ್ಚಳದ ಅಂಚಿನ ಬಿರಿದ ರಬ್ಬರಿನ ಮೇಲೆ ಬೆರಳಾಡಿಸಿದ. ಮುಚ್ಚಳ ಎತ್ತಿ, ಮೂಗು ಇಳಿಸಿ, ಎಷ್ಟೋ ಹೊತ್ತು ಹಾಗೇ ಇದ್ದ. ರಸದ ಮೇಲೆ ನೊರೆಯ ಸುಳಿವಿಲ್ಲ. ಅದಕ್ಕಿಂತ ಗೇಣು ಮೇಲೆ, ಒಳಗೋಡೆಗೆ ಕಂದು ಪಟ್ಟಿಯೊಂದು ಸುತ್ತಲೂ ಅಂಟಿತ್ತು.

"ಅದೇನು?" ಎಂದ ಔದುನ್.

"ಸೀದ ಮಾಲ್ಟು" ಎಂದು ಐವಿಂದ್ ಮುಚ್ಚಳ ಒತ್ತಿ ಮುಚ್ಚಿದ. "ಹೋಯ್ತು ತಮ್ಮ. ಸತ್ತೇ ಹೋಗಿದೆ."

ಔದುನ್ ಮೆಟ್ಟಿಲ ಮೇಲೆ ಕುಸಿದು ಕೂತ. ನಾಲ್ಕು ತಲೆಮಾರು ಉಳಿಸಿಕೊಂಡು ಬಂದದ್ದನ್ನು ತಾನು ಎರಡು ದಿನದಲ್ಲಿ ಕೊಂದೆನಲ್ಲ ಎಂದು ಅವನಿಗೆ ನಿಜಕ್ಕೂ ಅಳು ಬಂತು.

"ಅಳಬೇಡ. ನಂದೊಂದು ಪೀಪಾಯಿ ಬಿಯರ್ ಇದೆ. ನಿಂದೇ ಅಂತ ಬಡಿಸು. ಇದನ್ನ ನಾನೊಯ್ದು ಹಂದಿಗಳಿಗೆ ಸುರೀತೀನಿ. ಆದ್ರೆ ನೋಡು, ಇದು ನಮ್ಮಿಬ್ಬರಲ್ಲೇ ಇರ್ಲಿ. ಹಾಲ್ವರ್‌ಗೆ ಗೊತ್ತಾದ್ರೆ ನಿನ್ನ ಫ್ಯೋರ್ಡಿಗೆ ಎಸೀತಾನೆ."

"ನಿಮ್ಮ ಉಪಕಾರ ಸಾಯೋವರೆಗೂ ಮರೆಯಲ್ಲ ಐವಿಂದಣ್ಣ!"

"ಮರೀಬೇಡ" ಎಂದ ಐವಿಂದ್, ಪೀಪಾಯಿಯನ್ನು ಟ್ರ್ಯಾಕ್ಟರಿಗೆ ಹೂವಿನಂತೆ ಎತ್ತಿಡುತ್ತ. ಹಂದಿಗೆ ಸುರಿಯುವ ರಸಕ್ಕೆ ಇಷ್ಟು ನಾಜೂಕೇಕೆ ಎಂದು ಔದುನ್‌ಗೆ ಹೊಳೆಯಲಿಲ್ಲ.

ಐದಕ್ಕೆ ಸರಿಯಾಗಿ ಹಾಲ್ವರ್ ಕೆತ್ತನೆಯ ಮರದ ಬಟ್ಟಲು ಹಿಡಿದು ಬಂದ. ಹಿಂದೆ ಸಿಗ್ನೆ, ಅವಳ ಹಿಂದೆ ಇಡೀ ಊರು. ಐವಿಂದ್ ತಂದಿಳಿಸಿದ್ದ ಪೀಪಾಯಿಯಿಂದ ಔದುನ್ ಬಿಯರ್ ಬಗ್ಗಿಸಿದ. ಹಾಲ್ವರ್ ಒಂದು ಗುಟುಕು ಕುಡಿದ. ಮುಖ ಹುಣಸೆಹಣ್ಣು ಕಚ್ಚಿದಂತಾಯಿತು.

"ಇದೇನಿದು, ವಿನಿಗರ್ರಾ?"

ಸಿಗ್ನೆ ಗಂಡನನ್ನು ನೋಡಿದಳು. ಔದುನ್ ಬೂಟು ನೋಡಿದ.

"ಹೋಗ್ಲಿ ಬಿಡಿ ಹಾಲ್ವರಣ್ಣ, ಇನ್ನೂ ಎಳೆಯ" ಎಂದು ಐವಿಂದ್ ಮುಂದೆ ಬಂದ, ಕಂಕುಳಲ್ಲೊಂದು ಜಾಡಿ. "ನಂದೂ ಒಂದು ಚೂರು ತಂದಿದೀನಿ. ಬಾಯಿ ತೊಳ್ಕೊಳೋಕೆ."

ಹಾಲ್ವರ್ ಕುಡಿದು ಕಣ್ಣು ಮುಚ್ಚಿದ. ತೆರೆದಾಗ ಕಣ್ಣಲ್ಲಿ ನೀರು.

"ಥೇಟ್ ನಮ್ಮಜ್ಜನ ಬಿಯರ್! ಸರ ಕೈಗೆ ಸಿಗದೇ ಇರೋವಾಗ್ಲೇ ಇಂಥಾದ್ದು ಮಾಡಿದಾನಲ್ಲ, ಸಿಕ್ಕಿದ್ರೆ ಇನ್ನೇನು ಮಾಡ್ತಾನೋ! ಇಪ್ಪತ್ತು ವರ್ಷ ಇವನಿಗೆ ಕೊಡದೆ ಎಂಥಾ ತಪ್ಪು ಮಾಡ್ದೆ!"

ಎಂದವನೇ ಗೋಡೆಯ ಮೊಳೆಯಿಂದ ಸರ ತೆಗೆದು, ಎಲ್ಲರೆದುರಿಗೆ ಐವಿಂದ್‌ನ ಕೊರಳಿಗೆ ಹಾಕಿದ. ಊರು ಚಪ್ಪಾಳೆ ತಟ್ಟಿತು.

ಆಗ ಔದುನ್‌ಗೆ ಒಂದು ಸೀನು ಬಂತು. ದೊಡ್ಡ ಸೀನು. ಎರಡು ದಿನದಿಂದ ಕಟ್ಟಿದ್ದ ಮೂಗು ಫಟ್ಟನೆ ಬಿಟ್ಟಿತು, ಮಾವನ ಬಟ್ಟಲಿನಿಂದ ಕಿತ್ತಳೆ ಸಿಪ್ಪೆಯ ಘಮ ನೇರ ಒಳಗೆ ಹೋಯಿತು.

ಆಗ ಎಲ್ಲ ಹೊಳೆಯಿತು. ಶುಕ್ರವಾರ ತಾನು ದೋಣಿಯ ಮೇಲಿದ್ದಾಗಲೇ ಯೀಸ್ಟ್ ಎದ್ದು, ನೊರೆಯುಕ್ಕಿಸಿ, ಗೋಡೆಗೆ ಕಂದು ಪಟ್ಟಿ ಬಳಿದು, ಕೆಲಸ ಮುಗಿಸಿ ಮಲಗಿತ್ತು. ಗಾಳಿಯೆಲ್ಲ ಹೋಗಿದ್ದು ಬಿರಿದ ರಬ್ಬರಿನ ಸಂದಿಯಿಂದ. ಶುರುವಾಗಲೆಂದು ತಾನು ಬೆಳಗಿನಿಂದ ಕಾಲಿಗೆ ಬಿದ್ದದ್ದು ಮುಗಿದುಹೋದ ಬಿಯರಿನ ಮುಂದೆ!

ಅವನು ಐವಿಂದ್‌ನನ್ನು ನೋಡಿದ. ಐವಿಂದ್ ಸೂರು ನೋಡುತ್ತಿದ್ದ. ಬಾಯಿಬಿಟ್ಟರೆ, ಇನ್ನೊಬ್ಬರ ಹುಳಿ ಬಿಯರನ್ನು ತನ್ನದೆಂದು ಮಾವನಿಗೆ ಕುಡಿಸಿದ್ದು ಮೊದಲು ಹೊರಬೀಳುತ್ತದೆ. ಬಿಡದಿದ್ದರೆ ಎದೆ ಒಡೆಯುತ್ತದೆ. ಮಾತಾಡಲಾರದೆ ಔದುನ್ ಎರಡೂ ಮುಷ್ಟಿ ಬಿಗಿದು, ಕತ್ತೆತ್ತಿ, ಗಂಟಲು ಹರಿಯುವಂತೆ ಕಿರುಚಿದ. ಕಿಟಕಿ ಗಾಜು ನಡುಗಿತು. ಬೆಕ್ಕು ಅಟ್ಟ ಸೇರಿತು.

ಮಾರಿತಜ್ಜಿ ಬಾಯಿಂದ ಪೈಪು ತೆಗೆದು ಮರುಕದಿಂದ ತಲೆಯಾಡಿಸಿದಳು.

"ಇದೇ ಗಂಟಲು ಗುರುವಾರ ಎಲ್ಲಿಗೆ ಹೋಗಿತ್ತೋ, ಮಗಾ?"