ಹಾರ್ಮೋನು ಕುಡಿದ ಕಬ್ಬು

ವಿಜ್ಞಾನವನ್ನು ಹಳ್ಳಿಗೆ ತಲುಪಿಸುವುದು ಬಾತ್ಮೀದಾರನ ಕರ್ತವ್ಯವೆಂದು ಅರವತ್ತರ ದಶಕದಲ್ಲಿ ನಾನು ನಂಬಿದ್ದೆ. ತಲುಪಿಸಿದೆ. ಹಳ್ಳಿ ಇನ್ನೂ ನನ್ನನ್ನು ಕ್ಷಮಿಸಿಲ್ಲ.

ಆಗ ನಾನು ಅರಸೀಕೆರೆಯಲ್ಲಿ ಪತ್ರಿಕೆಯೊಂದರ ಬಾತ್ಮೀದಾರ. ಹೆಂಡತಿ ಜಯಮ್ಮನ ಅಣ್ಣ ರಂಗೇಗೌಡರು ಗೆಂಡೆಹಳ್ಳಿಯಲ್ಲಿ ಕಬ್ಬು ಹಾಕಿದ್ದರು. ಮಗಳ ಮದುವೆಯ ಹೋಳಿಗೆಗೆ ಸ್ವಂತ ಕಬ್ಬಿನ ಬೆಲ್ಲವೇ ಆಗಬೇಕೆಂದು ಅವರ ಹಟ. ಬೀಗರ ಮುಂದೆಯೂ ಹೇಳಿಬಿಟ್ಟಿದ್ದರು.

ಕೃಷಿ ಇಲಾಖೆಯಲ್ಲಿದ್ದ ಗೆಳೆಯ ವಾಸು ನನಗೊಂದು ಸೀಸೆ ಕೊಟ್ಟ. ಬೆಳವಣಿಗೆಯ ಹಾರ್ಮೋನಂತೆ, ಸಿಂಪಡಿಸಿದರೆ ಕಬ್ಬು ಉದ್ದವಾಗುತ್ತದಂತೆ. ಒಂದೇ ಸಾಲಿಗೆ ಹೊಡೆದು ನೋಡು, ಕಡಿಯುವ ಮೊದಲು ನನಗೆ ತೋರಿಸು ಎಂದ. ಒಂದು ಸಾಲಿನ ಸುದ್ದಿ ಯಾವ ಪತ್ರಿಕೆಗೆ ಬೇಕು? ರಂಗೇಗೌಡರನ್ನು ಒಪ್ಪಿಸಿ ಇಡೀ ಗದ್ದೆಗೆ ಹೊಡೆಸಿದೆ.

ಕಬ್ಬು ಬೆಳೆಯಿತು. ಬಸ್ಸಿನ ಮೇಲೆ ಕುಳಿತು ಹೋಗುವವರೂ ತಲೆಯೆತ್ತಿ ನೋಡಬೇಕಾಯಿತು! ‘ಗೆಂಡೆಹಳ್ಳಿಯಲ್ಲಿ ವಿಜ್ಞಾನದ ವಿಜಯ’ ಎಂದು ಬರೆದು ಕಳಿಸಿದೆ. ಪ್ರಕಟವಾಯಿತು.

“ಉದ್ದ ಸರಿ ಕಣ್ರೀ. ಬೆಲ್ಲ ಆಯ್ತದಾ?” ಎಂದಳು ಜಯಮ್ಮ.

ನಾನೊಂದು ಜಲ್ಲೆ ಮುರಿದು ಜಗಿದೆ. ಸಿಹಿಯಾಗಿತ್ತು. ಇಷ್ಟು ಸಾಕ್ಷ್ಯದ ಮೇಲೆ ವಾಸುವನ್ನು ಕೇಳುವ ಅಗತ್ಯವಿಲ್ಲವೆಂದು ತೀರ್ಮಾನಿಸಿ ಕಬ್ಬು ಕಡಿಸಿದೆ.

ಆಲೆಮನೆಗೆ ಬಂದವರಿಗೆಲ್ಲ ಹೊಟ್ಟೆ ತುಂಬ ಕಬ್ಬಿನ ಹಾಲು ಕೊಡುವುದು ಪದ್ಧತಿ. ಅರ್ಧ ಊರೇ ಕುಡಿದು ಹೊಗಳಿತು. ನಾನು ಕೊಪ್ಪರಿಗೆಯ ಪಕ್ಕ ನಿಂತು ಚಿಕ್ಕ ಭಾಷಣವನ್ನೂ ಮಾಡಿದೆ. ಪಾಕ ಅಚ್ಚಿಗೆ ಬಿತ್ತು. ಗಟ್ಟಿಯಾಗಲಿಲ್ಲ. ಇನ್ನಷ್ಟು ಕಾಯಿಸಲು ಆಜ್ಞಾಪಿಸಿದೆ. ಕಪ್ಪಾಯಿತು. ಗಟ್ಟಿಯಾಗಲಿಲ್ಲ. ಅಚ್ಚು ಕವುಚಿದರೆ ಬೆಲ್ಲವು ನನ್ನ ಪರವಾಗಿ ಕ್ಷಮೆ ಕೇಳುವಂತೆ ರಂಗೇಗೌಡರ ಪಾದದತ್ತ ಹರಿಯಿತು.

ವಾಸುವನ್ನು ಕರೆಸಿದೆವು. ಹಾರ್ಮೋನು ‘ಬೆಳೆ’ ಎಂದು ಅಪ್ಪಣೆ ಕೊಟ್ಟರೆ ಗಿಡದಲ್ಲಿ ಒಂದು ಕಿಣ್ವ ಹೆಚ್ಚಾಗಿ, ಕೂಡಿಟ್ಟ ಸಕ್ಕರೆಯನ್ನು ಬೆಳವಣಿಗೆಯ ಖರ್ಚಿಗೆಂದು ಒಡೆಯುತ್ತದೆ. ಒಡೆದ ಸಕ್ಕರೆ ನಾಲಿಗೆಗೆ ಸಿಹಿಯೇ, ಆದರೆ ಹರಳುಗಟ್ಟುವುದಿಲ್ಲ ಎಂದು ಅವನು ವಿವರಿಸಿದ. ಬೆಳವಣಿಗೆ ನಿಂತು, ಕಿಣ್ವ ತಗ್ಗಿ, ಸಕ್ಕರೆ ಮತ್ತೆ ಕೂಡುವವರೆಗೆ ಕಾಯಬೇಕಿತ್ತು.

ರಂಗೇಗೌಡರು ಶಾಂತವಾಗಿ ಕೇಳಿಸಿಕೊಂಡರು.

“ಅಂಗಾರೆ ಭಾವ, ಬೀಗರ ಎಲೆಗೆ ಓಳಿಗೆ ಬದ್ಲು ಈ ಕಿಣ್ವಾನೇ ಬಡಿಸಾನಾ?”

ಕೊನೆಗೆ ಅರಸೀಕೆರೆಯ ಅಂಗಡಿಯಿಂದ ಸದ್ದಿಲ್ಲದೆ ಬೆಲ್ಲ ತರಿಸಿದೆವು. ಮದುವೆಯ ಪಂಕ್ತಿಯಲ್ಲಿ ಬೀಗರು ಹೋಳಿಗೆ ಬಾಯಿಗಿಟ್ಟು, ಸ್ವಂತ ಗದ್ದೆಯ ಬೆಲ್ಲದ ರುಚಿಯೇ ಬೇರೆ ಎಂದು ಎಲ್ಲರಿಗೂ ಕೇಳುವಂತೆ ಹೊಗಳಿದರು. ರಂಗೇಗೌಡರು ನನ್ನ ಮುಖ ನೋಡಿದರು.

ಸತ್ಯಕ್ಕೆ ಬದ್ಧನಾದ ಬಾತ್ಮೀದಾರ ತಲೆ ತಗ್ಗಿಸಿ ತುಪ್ಪ ಹಾಕಿಸಿಕೊಂಡ.