ಅತ್ತಿಯವರು ಫ್ರಿಜ್ಜಿನ ನೀರಿಳಿಸಿದ್ದು

ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದ ಕೂಡಲೇ ತಾನು ಹುಟ್ಟಾ ಮೆಕ್ಯಾನಿಕ್ ಎಂದು ಭಾವಿಸುವ ಗಂಡಸರಿದ್ದಾರೆ. ನನಗೆ ಅದನ್ನು ಹಿಡಿಯುವುದೂ ಬೇಕಾಗಿಲ್ಲ. ಅದೆಲ್ಲಿದೆ ಎಂದು ಮನೆ ತುಂಬ ಕೂಗಾಡಿದರೆ ಸಾಕು, ಅರ್ಧ ರಿಪೇರಿ ಮುಗಿದಷ್ಟು ಸಮಾಧಾನ. ಉಳಿದರ್ಧ ಯಾವತ್ತೂ ಮುಗಿದಿಲ್ಲ ಎನ್ನುವುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಾನು ಬಾಗಲಕೋಟೆಯಲ್ಲಿ ನೀರಾವರಿ ಎಂಜಿನಿಯರ್. ನೀರನ್ನು ತಗ್ಗಿನಿಂದ ದಿನ್ನೆಗೆ ಏರಿಸುವುದು, ದಿನ್ನೆಯಿಂದ ಕಾಲುವೆಗೆ ಬಿಡುವುದು, ಇದೇ ನನ್ನ ಅನ್ನ. ನಮ್ಮ ಏತ ನೀರಾವರಿಯ ಮರೋಳದ ಕಡೆ ಹೋದರೆ ಜನ ಕುರ್ಚಿ ಒರೆಸಿ ಕೂಡಿಸುತ್ತಾರೆ. ಇಂಥ ನನ್ನ ಮನೆಯ ಫ್ರಿಜ್ಜಿನಲ್ಲಿ ನೀರು ನಿಂತಿತು. ಅದೂ ಬೇಸಿಗೆಯಲ್ಲಿ. ಹೊರಗೆ ಅಂಗಳದ ಫರಸಿಕಲ್ಲು ಹಂಚಿನಂತೆ ಕಾದಿರುತ್ತಿತ್ತು, ಬಾಗಿಲು ತೆಗೆದರೆ ಒಳಗೆ ಮಳೆಗಾಲ. ಗೋಡೆಯ ಮೇಲೆಲ್ಲ ಹನಿ, ಕಾಯಿಪಲ್ಲೆಯ ಡಬ್ಬಿಯ ಕೆಳಗೆ ಕೆರೆ, ಅದರಲ್ಲಿ ತೇಲುವ ಕೊತ್ತಂಬರಿ. ನಿನ್ನೆ ತಂದ ಮೆಂತ್ಯ ಇವತ್ತಿಗೆ ಲೋಳೆ. ನಮ್ಮ ಹಳೇ ಊರಿನ ಮನೆ ಅಣೆಕಟ್ಟಿನ ಹಿನ್ನೀರಿನ ಪಾಲಾಗಿತ್ತು. ನವನಗರಕ್ಕೆ ಬಂದರೂ ನೀರು ನಮ್ಮ ವಿಳಾಸ ಹುಡುಕಿಕೊಂಡು ಬಂದಿತಲ್ಲ ಅನ್ನಿಸಿತು. ಮೆಕ್ಯಾನಿಕ್ ಒಬ್ಬ ಬಂದು, ಫ್ರಿಜ್ಜಿಗೆ ಎರಡು ಸಲ ಬಡಿದು, "ಹವಾ ಹಂಗೈತ್ರಿ ಸರ್, ಹಿನ್ನೀರು ಹತ್ರ ಐತಲ್ಲ" ಎಂದ. ಎಂಜಿನಿಯರನಾದ ನಾನು ಗಂಭೀರವಾಗಿ ಗೋಣು ಹಾಕಿದೆ.

ಆಮೇಲೆ ಮೊಬೈಲ್ ನೋಡಿ ನಾನೇ ವೈದ್ಯಕ್ಕೆ ಇಳಿದೆ. ಒಂದು ಬಟ್ಟಲಲ್ಲಿ ಉಪ್ಪು, ಇನ್ನೊಂದರಲ್ಲಿ ಅಡಿಗೆ ಸೋಡಾ, ಮೂರನೆಯದರಲ್ಲಿ ಇದ್ದಲಿ. ಕೆಳಗೆಲ್ಲ ಪೇಪರು. ಹೆಂಡತಿ ಸುಮಿತ್ರಾ ಒಂದು ದಿನ ಮೊಸರು ತೆಗೆಯಲು ಹೋಗಿ ಇದ್ದಲಿಗೆ ಕೈ ಹಾಕಿದಳು. "ಏನ್ರಿ, ಇದು ಫ್ರಿಜ್ಜೋ, ಮಾಟಾ ಮಾಡೋ ಜಾಗಾನೋ?" ಎಂದಳು. ನೀರು ಮಾತ್ರ ಒಂದು ಹನಿಯೂ ಕಡಿಮೆಯಾಗಲಿಲ್ಲ. ಕೊನೆಗೆ ನಾನು ತಂಪಿನ ಗುಂಡಿಯನ್ನು ಪೂರ್ತಿ ತಿರುಗಿಸಿಬಿಟ್ಟೆ. ನೀರೆಲ್ಲ ಗಡ್ಡೆಗಟ್ಟಿದರೆ ಹಸಿ ಎಲ್ಲಿ ಉಳಿಯುತ್ತದೆ ಎನ್ನುವುದು ನನ್ನ ಲೆಕ್ಕ.

ಇದೇ ಹೊತ್ತಿಗೆ ಇಳಕಲ್ಲಿನಿಂದ ನಮ್ಮ ಅತ್ತಿಯವರು, ಅಂದರೆ ಸುಮಿತ್ರಾಳ ತಾಯಿ ಗೌರವ್ವ, ಕಣ್ಣು ತೋರಿಸಲು ಬಂದಿದ್ದರು. ನಲವತ್ತು ವರ್ಷ ಕುಣಿಮಗ್ಗದ ತಗ್ಗಿನಲ್ಲಿ ಕಾಲಿಳಿಬಿಟ್ಟು ಸೀರೆ ನೇಯ್ದವರು. ಮಾತು ಕಡಿಮೆ. ಸಕ್ಕರೆ ಕಾಯಿಲೆಗೆ ದಿನಾ ಬೆಳಿಗ್ಗೆ ಊಟದ ಮೊದಲು ಇನ್ಸುಲಿನ್ ತಾವೇ ಚುಚ್ಚಿಕೊಳ್ಳುತ್ತಾರೆ. ಅವರ ಔಷಧ ಕೆಡಬಾರದೆಂಬ ಅಳಿಯನ ಕಾಳಜಿಯಿಂದ ನಾನು ಆ ಡಬ್ಬಿಯನ್ನು ಫ್ರಿಜ್ಜಿನ ಅತ್ಯಂತ ತಂಪು ಮೂಲೆಯಲ್ಲಿ, ಹಿಂದಿನ ಗೋಡೆಗೆ ಒತ್ತಿ ಇಟ್ಟೆ.

ಮರುದಿನ ಬೆಳಿಗ್ಗೆ ಡಬ್ಬಿ ಗೋಡೆಗೆ ಅಂಟಿಕೊಂಡಿತ್ತು. ಚಮಚದಿಂದ ಮೀಟಿ ತೆಗೆದೆ. ರಟ್ಟು ಒದ್ದೆಯಾಗಿ ಕೈಗೆ ಬಂತು, ಒಳಗಿನ ಎರಡೂ ಬಾಟಲಿಗಳಲ್ಲಿ ಔಷಧ ಬೆಳ್ಳಗೆ ಗಟ್ಟಿಯಾಗಿತ್ತು. "ಹತ್ತು ಮಿನಿಟು ಬಿಸಿಲಿಗಿಟ್ರ ಕರಗತೈತ್ರಿ ಅತ್ತಿ" ಎಂದೆ. ಅವರು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಬ್ಯಾಡ್ರಿ ಅಳಿಯಾರ. ಗಡ್ಡಿಕಟ್ಟಿದ್ದು ಕರಗಿದ್ರೂ ಕೆಲಸಕ್ಕ ಬರಂಗಿಲ್ಲ ಅಂತ ದವಾಖಾನ್ಯಾಗ ನರ್ಸಬಾಯಿ ಹೇಳ್ಯಾಳ. ನೋಡಾಕ ಔಷಧದಂಗ ಇರತೈತಿ, ಒಳಗ ಜೀವಾ ಇರಂಗಿಲ್ಲಂತ."

ಆ ಹೆಣ್ಣುಮಗಳು ನನ್ನ ಮಾತು ಕೇಳಿ ಬಿಸಿಲಿಗಿಟ್ಟಿದ್ದನ್ನೇ ಚುಚ್ಚಿಕೊಂಡಿದ್ದರೆ? ಅಳಿಯ, ಅದರಲ್ಲೂ ಎಂಜಿನಿಯರ್ ಅಳಿಯ, ಹೇಳಿದನೆಂದು ಎಷ್ಟು ಜನ ಸುಮ್ಮನೆ ಒಪ್ಪಿಕೊಂಡಿರುತ್ತಿದ್ದರು! ಸುಮಿತ್ರಾ ಕೀಲಿಕೈ ತಂದು ನನ್ನ ಕೈಗಿಟ್ಟಳು. ಸ್ಕೂಟರ್ ಹತ್ತಿ ಹೊರಟೆ. ಮೊದಲ ಎರಡು ಔಷಧದಂಗಡಿ ಇನ್ನೂ ತೆರೆದಿರಲಿಲ್ಲ, ಮೂರನೆಯದರಲ್ಲಿ ಆ ಔಷಧ ಇರಲಿಲ್ಲ, ನಾಲ್ಕನೆಯವನು ಶಟರ್ ಎತ್ತುವವರೆಗೆ ನಿಂತು, ಅವನು ಗಣಪತಿಗೆ ಊದಿನಕಡ್ಡಿ ಹಚ್ಚಿ ಮುಗಿಸುವವರೆಗೆ ನಾನೂ ಕೈ ಮುಗಿದು ಕಾದೆ. ಮನೆಗೆ ಬಂದಾಗ ಅತ್ತಿಯವರು ಉಪವಾಸ ಕೂತಿದ್ದರು. ಮುಖದಲ್ಲಿ ಒಂದು ಗೆರೆ ಬೇಸರವಿಲ್ಲ. "ಬಿಸಲಾಗ ಭಾಳ ಓಡ್ಯಾಡಿದ್ರಿ, ಮೊದಲ ನೀರು ಕುಡೀರಿ" ಎಂದರು.

ಇನ್ಸುಲಿನ್ ಆಯಿತು, ರೊಟ್ಟಿ ಬದನಿಕಾಯಿ ಪಲ್ಲೆ ಆಯಿತು. ಕೈ ತೊಳೆದುಕೊಂಡು ಬಂದವರೇ ಫ್ರಿಜ್ಜಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು. "ಎಲ್ಲಾ ಹೊರಗ ತಗೀ" ಎಂದು ಮಗಳಿಗೆ ಹೇಳಿದರು. ಹೊರಗೆ ಬಂದ ಸಾಮಾನನ್ನು ಇಲ್ಲಿ ಪಟ್ಟಿ ಮಾಡಿದರೆ ನಮ್ಮ ಮನೆಯ ಮಾನ ಉಳಿಯುವುದಿಲ್ಲ. ನಿಂಬೆಹಣ್ಣಿನ ಹೋಳುಗಳೇ ಏಳು ಇದ್ದವು ಎಂದಷ್ಟೇ ಹೇಳುತ್ತೇನೆ. ಅತ್ತಿಯವರು ಪ್ಲಗ್ ತೆಗೆಸಿ, ಒಳಗೆ ತಲೆ ಹಾಕಿ, ಹಿಂದಿನ ಗೋಡೆಯನ್ನು ಬೆರಳ ತುದಿಯಿಂದ ಮೇಲಿನಿಂದ ಕೆಳಗೆ ಸವರುತ್ತ ಬಂದರು. ರೇಷ್ಮೆ ಎಳೆಯಲ್ಲಿ ಗಂಟು ಹುಡುಕುವವರ ಬೆರಳು ಅದು. ಎಲ್ಲೂ ಅವಸರವಿಲ್ಲ.

"ಅಳಿಯಾರ, ನೀರು ಎಲ್ಲಿಂದ ಬರತೈತಿ ಅಂತ ಇಷ್ಟು ದಿನಾ ನೋಡೀರಿ. ಎಲ್ಲಿಗೆ ಹೋಗಬೇಕಾಗಿತ್ತು ಅಂತ ನೋಡೀರೇನು?"

ನನ್ನ ಇಡೀ ಸರ್ವೀಸಿನಲ್ಲಿ ಇಷ್ಟು ಸರಿಯಾದ ಪ್ರಶ್ನೆಯನ್ನು ಯಾವ ಮೀಟಿಂಗಿನಲ್ಲೂ ಯಾರೂ ಕೇಳಿರಲಿಲ್ಲ.

ಗೋಡೆಯ ಬುಡದ ಸಣ್ಣ ಕಾಲುವೆಯಂಥ ಗೆರೆಯಲ್ಲಿ ಅವರ ಬೆರಳು ನಿಂತಿತು. ಅಲ್ಲೊಂದು ತೂತು. ಹದಿನಾಲ್ಕು ವರ್ಷದಿಂದ ಆ ಫ್ರಿಜ್ಜಿನಲ್ಲಿ ಕೈಯಾಡಿಸುತ್ತಿರುವ ನಾನು ಅದನ್ನು ಕಂಡಿರಲಿಲ್ಲ. ಗೋಡೆಯ ಹನಿ ಇಳಿದು ಆ ತೂತಿನಿಂದ ಹಿಂದಿನ ತಟ್ಟೆಗೆ ಹೋಗಿ ಆರಬೇಕು. ಕೊಳೆತ ಕೊತ್ತಂಬರಿ ಎಲೆ ಕರ್ರಗೆ ಮೇಣದಂತೆ ಅದನ್ನು ಮುಚ್ಚಿಬಿಟ್ಟಿತ್ತು. ಕಸಬರಿಗೆಯ ಕಡ್ಡಿಯೊಂದನ್ನು ಎಳೆದು ಮೆಲ್ಲಗೆ ಆಡಿಸಿದರು. ನಂತರ ಉಗುರುಬಿಸಿ ನೀರು ಬಿಡಲು ಏನಾದರೂ ಬೇಕೆಂದರು. ನಾನು ಅಟ್ಟದ ಮೇಲಿಂದ ನನ್ನ ಹೋಳಿಯ ಪಿಚಕಾರಿ ತಂದುಕೊಟ್ಟೆ. ವಯಸ್ಸು ಐವತ್ತರ ಹತ್ತಿರ, ಆದರೆ ಬಾಗಲಕೋಟೆಯವರಿಗೆ ಆ ವಿಷಯದಲ್ಲಿ ವಯಸ್ಸು ಕೇಳಬಾರದು. ಮೊದಲ ಏಟಿಗೆ ಗುಲಾಬಿ ಬಣ್ಣದ ನೀರು ಫ್ರಿಜ್ಜಿನ ಗೋಡೆಗೂ ಅತ್ತಿಯವರ ಕನ್ನಡಕಕ್ಕೂ ಸಿಡಿಯಿತು. ಅವರು ಕನ್ನಡಕ ಒರೆಸಿಕೊಂಡು, "ಹಬ್ಬಾ ಮುಗದಿಲ್ಲೇನ್ರಿ ಇನ್ನಾ?" ಎಂದು ಮುಂದುವರಿಸಿದರು. ಮೂರನೆಯ ಏಟಿಗೆ ಗೊಳಕ್ ಎಂದು ಸದ್ದಾಗಿ, ಹಿಂದಿನ ತಟ್ಟೆಗೆ ನೀರು ಬಿದ್ದಿತು. ಸುಮಿತ್ರಾ ಚಪ್ಪಾಳೆ ತಟ್ಟಿದಳು. ನಾನೂ ತಟ್ಟಿದೆ.

ಅಷ್ಟಕ್ಕೇ ಬಿಡಲಿಲ್ಲ. ಬಾಗಿಲ ಸಂದಿಯಲ್ಲಿ ಪೇಪರಿನ ಹಾಳೆ ಇಟ್ಟು ಮುಚ್ಚಿ ಎಳೆದರು. ಕೆಳಮೂಲೆಯಲ್ಲಿ ಅದು ಸಲೀಸಾಗಿ ಹೊರಬಂತು. ಅಲ್ಲಿ ರಬ್ಬರಿಗೆ ಬೆಲ್ಲದ ಪಾಕ ಮೆತ್ತಿ ಬಾಗಿಲು ಸರಿಯಾಗಿ ಕೂಡುತ್ತಿರಲಿಲ್ಲ. ಸಾಬೂನು ನೀರಿನಿಂದ ಒರೆಸಿದರು. ತಂಪಿನ ಗುಂಡಿ ಮತ್ತೆ ನಡುಮಧ್ಯಕ್ಕೆ ಬಂತು. ಮೆಂತ್ಯ, ಕೊತ್ತಂಬರಿಯ ತೊಪ್ಪಲನ್ನು ಆರಿಸಿ ಹಳೇ ಧೋತರದಲ್ಲಿ ಸುತ್ತಿಟ್ಟರು. ಕೊನೆಗೆ, "ಹಬಿ ಆಡೋ ಸಾರು ಮುಚ್ಚಳಿಲ್ಲದ ಒಳಗ ಇಡೋರು ಯಾರು?" ಎಂದು ಕೇಳಿದರು. ಸುಮಿತ್ರಾ ನನ್ನ ಕಡೆ ನೋಡಿದಳು. ಮಧ್ಯಾಹ್ನ ಉಂಡು ಸಾರಿನ ಪಾತೇಲಿ ಹಂಗೇ ಒಳಗೆ ತಳ್ಳಿ ಆಫೀಸಿಗೆ ಓಡುವವನು ನಾನೇ. ಹವಾ, ಹಿನ್ನೀರು ಎರಡೂ ನಿರ್ದೋಷಿಗಳೆಂದು ಸಾಬೀತಾಯಿತು.

"ಅತ್ತಿ, ನಿಮ್ಮ ಮನ್ಯಾಗ ಫ್ರಿಜ್ಜೇ ಇಲ್ಲ. ಇದೆಲ್ಲಾ ಹೆಂಗ ಗೊತ್ತು?" ಎಂದೆ.

"ಕುಣ್ಯಾಗ ಕೂತು ನೇಯೋರಿಗೆ ನೆಲದ ಹಸಿ ಮೊದಲ ಕಾಲಿಗೆ ಗೊತ್ತಾಗತೈತ್ರಿ. ಆಮ್ಯಾಲೆ ನೂಲಿಗೆ. ಅದಕ್ಕ ದಾರಿ ಮಾಡಿ ಕೊಡಲಿಲ್ಲಂದ್ರ ಸೀರಿ ಕೆಡತೈತಿ. ಇಷ್ಟ ರೀ."

ಮೂರು ದಿನ ಬಾಗಿಲು ತೆಗೆದು ತೆಗೆದು ನೋಡಿದೆ. ಒಣಗಿದ ನೆಲ, ಗರಿಗರಿ ಮೆಂತ್ಯ. ಆಫೀಸಿನಲ್ಲಿ ಈ ವಿಷಯವನ್ನು ಹೇಳಿಕೊಳ್ಳದೆ ಇರಲಾಗಲಿಲ್ಲ. ಹೇಳುವಾಗ ಅತ್ತಿಯವರ ಹೆಸರು ಅಲ್ಲಲ್ಲಿ ಬಿಟ್ಟುಹೋಗಿರಬಹುದು. ನಮ್ಮ ಸಾಹೇಬರು, "ನಮ್ಮ ಮನ್ಯಾಗೂ ಇದೇ ತ್ರಾಸ ಐತ್ರಿ, ರವಿವಾರ ಬಂದು ನೋಡ್ರಿ" ಎಂದರು. ಹೋದೆ. ಸಾಹೇಬರ ವಯಸ್ಸಾದ ತಾಯಿ ಮೊರದಲ್ಲಿ ಜೋಳ ಹಸನು ಮಾಡುತ್ತ ಅಡಿಗೆಮನೆಯಲ್ಲೇ ಕೂತಿದ್ದರು. ನಾನು ತೂತು ಹುಡುಕಿ, ಬಿಡಿಸಿ, ರಬ್ಬರಿನ ಮೇಲೆ ಸಣ್ಣ ಭಾಷಣವನ್ನೂ ಮಾಡಿದೆ. ಆ ಅಜ್ಜಿ ಎಲ್ಲ ಕೇಳಿಸಿಕೊಂಡು, "ಇದು ಗಂಡಸರ ಬುದ್ಧಿ ಅಲ್ಲಪ್ಪಾ. ಯಾರು ಕಲಿಸಿದ್ರು ಹೇಳು" ಎಂದರು. ಸುಳ್ಳು ಬಾಯಿತನಕ ಬಂದಿತ್ತು. ಆದರೆ ಆ ಕಣ್ಣಿನ ಮುಂದೆ ಹೊರಡಲಿಲ್ಲ. ಪೂರ್ತಿ ಕಥೆ ಹೇಳಿದೆ, ಗಡ್ಡೆಗಟ್ಟಿದ ಔಷಧವನ್ನೂ ಬಿಡದೆ.

ಮುಂದಿನ ರವಿವಾರ ಸಾಹೇಬರ ಮನೆಯಿಂದ ಊಟಕ್ಕೆ ಕರೆ ಬಂತು, ಅತ್ತಿಯವರಿಗೆ. ನನಗೆ ಬಂದದ್ದು ಅವರನ್ನು ಸ್ಕೂಟರಿನ ಮೇಲೆ ತಂದು ಬಿಡಬೇಕೆಂಬ ಸೂಚನೆ. ಬಿಟ್ಟು, ಬೇವಿನ ಗಿಡದ ಕೆಳಗಿನ ಕಟ್ಟೆಯ ಮೇಲೆ ಕೂತೆ. ಒಳಗಿನಿಂದ ಇಬ್ಬರೂ ಹಿರಿಯರ ನಗು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಸಾಹೇಬರೂ ಹೊರಗೆ ಬಂದು ನನ್ನ ಪಕ್ಕ ಕೂತರು.

"ಏನಾತ್ರಿ ಸರ್?" ಎಂದೆ.

"ಅಡ್ಡ ಆಗ್ತೀಯಪ್ಪ, ಹೊರಗ ಕೂಡು ಅಂದ್ರು" ಎಂದು, ಅವರು ಕಟ್ಟೆಯ ಮೇಲೆ ಇನ್ನಷ್ಟು ಸರಿದು ನನಗೆ ನೆರಳಿನಲ್ಲಿ ಜಾಗ ಮಾಡಿಕೊಟ್ಟರು.